ಪಕ್ಕದ ದೇಶದ ಒಲೆಯ ಸದ್ದು ನಮ್ಮ ರೇಡಿಯೋದಲ್ಲೂ ಕೇಳಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಹೊಸನಗರ ತಾಲ್ಲೂಕು ನಗರ ಹೋಬಳಿಯವಳು. ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತೇನೆ. ಉಳಿದ ದಿನ ನಟ್ಟಿ, ಕಳೆ, ತೋಟದ ಕೆಲಸ, ಯಾವುದು ಸಿಕ್ಕರೆ ಅದು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ನಿಮ್ಮ ಪತ್ರಿಕೆ ತೋಟದ ಒಡೇರ ಮನೆಗೆ ಬರುತ್ತದೆ. ಮಧ್ಯಾಹ್ನದ ಮೇಲೆ ನನ್ನ ಕೈಗೆ ಸಿಗುತ್ತದೆ. ಓದುಗರ ಪತ್ರಗಳನ್ನೇ ಮೊದಲು ಓದುವವಳು ನಾನು. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗಿದೆ, ಆದರೂ ಪೂರ್ತಿ ಹಾಕಬೇಕು ಅಂತ ಕೇಳಿಕೊಳ್ಳುತ್ತೇನೆ.

ನನ್ನ ಕೋರಿಕೆ ಇಷ್ಟೇ. ನಮ್ಮ ಭದ್ರಾವತಿ ಆಕಾಶವಾಣಿಯಲ್ಲಿ ವಾರಕ್ಕೆ ಅರ್ಧ ಗಂಟೆ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಭೂತಾನ್, ಪಾಕಿಸ್ತಾನ, ಬರ್ಮಾದಲ್ಲಿ ದುಡಿದು ತಿನ್ನುವ ಒಂದೊಂದು ಮನೆಯ ನುಡಿಚಿತ್ರ ಬರಲಿ. ಮಂತ್ರಿಗಳದ್ದಲ್ಲ, ಆಟಗಾರರದ್ದಲ್ಲ. ಬೆಳಗ್ಗೆ ಎದ್ದು ಒಲೆ ಹಚ್ಚಿ ಕೂಲಿಗೆ ಹೋಗುವವರದ್ದು.

ಇದು ನನ್ನ ತಲೆಗೆ ಹೇಗೆ ಬಂತು ಅಂತ ಹೇಳಬೇಕು.

ನಮ್ಮಲ್ಲಿ ಸುಲಿಯುವ ಕೆಲಸ ಶುರುವಾಗುವುದು ದೀಪಾವಳಿಯ ಹೊತ್ತಿಗೆ. ಮರ ಹತ್ತುವ ಕೊನೆಗೌಡ ಹಗಲು ಅಡಿಕೆ ಗೊನೆ ಇಳಿಸುತ್ತಾನೆ. ಸಂಜೆ ಗೊನೆಯಿಂದ ಅಡಿಕೆ ಬಿಡಿಸಿ ಅಂಗಳದಲ್ಲಿ ರಾಶಿ ಹಾಕುತ್ತಾರೆ. ಮೇಲೆ ಚಪ್ಪರ, ಪಕ್ಕದಲ್ಲಿ ಅಡಿಕೆ ಬೇಯಿಸುವ ಹಂಡೆ. ಏಳೆಂಟು ಜನ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಸುತ್ತ ಕೂರುತ್ತೇವೆ. ಕಾಯಿಯನ್ನು ಕತ್ತಿಯ ಅಲಗಿಗೆ ಒತ್ತಿ, ಎರಡು ಸಲ ತಿರುಗಿಸಿದರೆ ಸಿಪ್ಪೆ ಹಿಂದೆ, ಅಡಿಕೆ ಮುಂದಿನ ಬುಟ್ಟಿಗೆ. ಕೂಲಿ ಡಬ್ಬದ ಲೆಕ್ಕ. ಕೂತರೆ ಏಳುವುದು ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ. ಬೆರಳಿಗೆ ಹಿಡಿದ ಕರೆ ಶಿವರಾತ್ರಿ ಕಳೆದರೂ ಹೋಗುವುದಿಲ್ಲ. ಈಗ ದೊಡ್ಡ ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ. ನಮ್ಮ ಒಡೇರ ಮನೆಯಲ್ಲಿ ಇನ್ನೂ ಕೈಯಲ್ಲೇ ಸುಲಿಸುತ್ತಾರೆ.

ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಕಿವಿ ಮಾತ್ರ ಖಾಲಿ. ಅದಕ್ಕೇ ಚಪ್ಪರದ ಕಂಬಕ್ಕೆ ಒಂದು ಮೊಳೆ ಹೊಡೆದು ರೇಡಿಯೋ ತೂಗುಹಾಕಿದ್ದೇವೆ. ಭದ್ರಾವತಿ ಸ್ಟೇಷನ್ ಶುರುವಾಗಿದ್ದು 1965ರಲ್ಲಿ. ಆಗಿನಿಂದ ನಮ್ಮ ಕಡೆಯವರಿಗೆ ರೇಡಿಯೋ ಅಂದರೆ ಭದ್ರಾವತಿಯೇ. ಗುಡ್ಡದ ಈಚೆ ಚೆನ್ನಾಗಿ ಕೇಳುತ್ತದೆ, ಆಚೆ ಗೊರಗೊರ. ಪ್ರದೇಶ ಸಮಾಚಾರ, ಕೃಷಿರಂಗ, ಹಾಡು, ನಾಟಕ, ಎಲ್ಲ ಕೇಳುತ್ತೇವೆ. ಟಿವಿ ಆದರೆ ಕಣ್ಣು ಕೊಡಬೇಕು. ಮೆಟ್ಟುಗತ್ತಿ ಮುಂದೆ ಕೂತವಳು ಕಣ್ಣು ಅತ್ತ ಇತ್ತ ಮಾಡಿದರೆ ಬೆರಳು ಉಳಿಯುವುದಿಲ್ಲ.

ಹೋದ ಸುಗ್ಗಿಯಲ್ಲಿ ನನ್ನ ಮಗಳು ಬೆಂಗಳೂರಿನಿಂದ ನಾಲ್ಕು ದಿನ ರಜೆಗೆ ಬಂದಿದ್ದಳು. ರಾತ್ರಿ ನಮ್ಮ ಜೊತೆ ಸುಲಿಯಲು ಕೂತಳು. ಅವತ್ತು ರೇಡಿಯೋ ಸರಿ ಹಿಡಿಯುತ್ತಿರಲಿಲ್ಲ. "ಅಮ್ಮ, ಒಂದು ಹಾಕ್ತೀನಿ ಕೇಳಿ" ಅಂತ ಮೊಬೈಲಿನಲ್ಲಿ ಯಾವುದೋ ಹೊರದೇಶದ ರೇಡಿಯೋ ಕಾರ್ಯಕ್ರಮ ಹಾಕಿದಳು. ಶ್ರೀಲಂಕಾದ ಹ್ಯಾಟನ್ ಕಡೆಯ ಟೀ ತೋಟ. ಅಲ್ಲಿ ಎಲೆ ಕೀಳುವ ಒಬ್ಬ ಹೆಂಗಸಿನ ಒಂದು ದಿನ. ಹೇಳುವವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮಗಳು ಒಂದೊಂದೇ ಮಾತು ನಿಲ್ಲಿಸಿ ಕನ್ನಡದಲ್ಲಿ ಹೇಳಿದಳು.

ಮೊದಲು ಕೇಳಿದ್ದು ಮಳೆ. ತಗಡಿನ ಮೇಲೆ ಬೀಳುವ ಮಳೆ. ನಮ್ಮದೇ ಆಷಾಢದ ಮಳೆ ಅಂದುಕೊಳ್ಳಬೇಕು, ಹಾಗೆ. ಆಮೇಲೆ ಕೈಯಲ್ಲಿ ರೊಟ್ಟಿ ತಟ್ಟುವ ಸದ್ದು. ಪಟ್ ಪಟ್ ಪಟ್, ಒಂದು ಗಳಿಗೆ ಬಿಟ್ಟು ಕಾವಲಿಗೆ ಹಾಕಿದ್ದು. ನಮ್ಮ ಪಾರ್ವತಕ್ಕ ಅಂತ ಒಬ್ಬರಿದ್ದಾರೆ, ವಯಸ್ಸಾದವರು. ಕತ್ತಿ ನಿಲ್ಲಿಸಿ "ಹಿಟ್ಟು ನೀರಾಗಿದೆ ಕಣೇ ಅವಳದ್ದು" ಅಂದರು. ನೂರಾರು ಮೈಲಿ ದೂರದ ಹಿಟ್ಟಿನ ಹದ ಅವರಿಗೆ ಸದ್ದಿನಲ್ಲೇ ತಿಳಿಯಿತು.

ಅವಳು ಇರುವುದು ಲೈನ್ ಮನೆಯಲ್ಲಿ. ಬ್ರಿಟಿಷರ ಕಾಲದ್ದು, ಒಂದಕ್ಕೊಂದು ಅಂಟಿಕೊಂಡ ಸಾಲು ಕೋಣೆ. ಅವಳು "ಲಯಂ" ಅಂದಳು. ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕೊಪ್ಪ, ಕಳಸದ ಕಡೆ ಕಾಫಿ ತೋಟಗಳಲ್ಲೂ ಅದೇ ಲೈನು ತಾನೇ? ನನ್ನ ನಾದಿನಿ ಎಂಟು ವರ್ಷ ಅಂಥ ಲೈನಿನಲ್ಲೇ ಇದ್ದವಳು. ನಾವು ಮೇಸ್ತ್ರಿ ಅನ್ನುತ್ತೇವೆ, ಅಲ್ಲಿ ಕಂಗಾಣಿ. ಬೆಳಗ್ಗೆ ಹೆಸರು ಕೂಗುವುದು, ಸಂಜೆ ತೂಕಕ್ಕೆ ನಿಲ್ಲುವುದು, ಎಲೆ ಒದ್ದೆಯಾಗಿದೆ ಅಂತ ಕೇಜಿ ಎರಡು ಕೇಜಿ ಕಳೆಯುವುದು, ಎಲ್ಲ ಒಂದೇ. ಅವಳು ದಿನಕ್ಕೆ ಹದಿನೆಂಟು ಕೇಜಿ ಎಲೆ ಕೊಯ್ಯಬೇಕು. ಇಲ್ಲದಿದ್ದರೆ ಪೂರ್ತಿ ಕೂಲಿ ಇಲ್ಲ. ಹದಿನೆಂಟು ಕೇಜಿ ಚಿಗುರು ಅಂದರೆ ಎಷ್ಟು ಸಲ ಕೈ ಆಡಬೇಕು ಅಂತ ಡಬ್ಬದ ಲೆಕ್ಕದವರಿಗೆ ಬಿಡಿಸಿ ಹೇಳಬೇಕಾ?

ನಮ್ಮ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಭದ್ರಾವತಿ ಕಡೆಯಿಂದ ಮದುವೆಯಾಗಿ ಬಂದವಳು. ತವರಿನಲ್ಲಿ ತಮಿಳು, ಅವಳ ತಾತ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಅಂತ ಬಂದವರು. ಇಂಗ್ಲಿಷ್ ಮಾತಿನ ಅಡಿಯಲ್ಲಿ ಸಣ್ಣಗೆ ಕೇಳುತ್ತಿದ್ದ ತಮಿಳು ಅವಳಿಗೆ ಸಿಕ್ಕಿಬಿಟ್ಟಿತು. "ಅಟ್ಟೈ ಅಟ್ಟೈ ಅಂತಿದ್ದಾಳೆ ಅಕ್ಕಾ! ಅಟ್ಟೈ ಅಂದ್ರೆ ಉಂಬಳ!" ಅಂತ ಕೂಗಿದಳು. ಎಲ್ಲರೂ ಕತ್ತಿ ಬಿಟ್ಟೆವು. ಅವಳಿಗೂ ಉಂಬಳ, ಅದೇ ರಕ್ತ ಹೀರುವ ಜಿಗಣೆ. ಅವಳು ಕಾಲಿಗೆ ಸೋಪು ಹಚ್ಚಿಕೊಂಡು ತೋಟಕ್ಕೆ ಇಳಿಯುತ್ತಾಳೆ. ನಾವು ಸುಣ್ಣ, ಹೊಗೆಸೊಪ್ಪು. ಸೋಪು ಒಳ್ಳೇದೋ ಸುಣ್ಣ ಒಳ್ಳೇದೋ ಅಂತ ಅವತ್ತು ಅರ್ಧ ಗಂಟೆ ಚರ್ಚೆ ಆಯಿತು. ಈ ಸಲ ಮಳೆಗಾಲದಲ್ಲಿ ಇಬ್ಬರು ಸೋಪು ಹಚ್ಚಿ ನೋಡಿದರು. ಮಳೆ ಜೋರಾದರೆ ತೊಳೆದು ಹೋಗುತ್ತದೆ, ಸಣ್ಣ ಜಿರಿಮಳೆಗೆ ಪರವಾಗಿಲ್ಲ.

ಸಂಪಾದಕರೇ, ನನಗೆ ನೋವಾದದ್ದು ಆಮೇಲೆ. ಶ್ರೀಲಂಕಾ ಬಗ್ಗೆ ನಾನು ಪೇಪರಿನಲ್ಲಿ ಎಷ್ಟು ಓದಿದ್ದೇನೆ! 2022ರಲ್ಲಿ ಆ ದೇಶ ಸಾಲ ತೀರಿಸಲಾಗದೆ ಕೈ ಎತ್ತಿದ್ದು ಗೊತ್ತು. ಪೆಟ್ರೋಲಿಗೆ, ಗ್ಯಾಸಿಗೆ, ಹಾಲಿನ ಪುಡಿಗೆ ಕ್ಯೂ ನಿಂತ ಫೋಟೋ ನೋಡಿದ್ದೇನೆ. ಜುಲೈಯಲ್ಲಿ ಜನ ಅಧ್ಯಕ್ಷರ ಬಂಗಲೆಗೆ ನುಗ್ಗಿ ಈಜುಕೊಳದಲ್ಲಿ ಈಜಿದ್ದನ್ನು ಟಿವಿಯಲ್ಲಿ ಹತ್ತು ಸಲ ತೋರಿಸಿದರು. ಅದಕ್ಕೂ ಹಿಂದಿನ ವರ್ಷ ರಾಸಾಯನಿಕ ಗೊಬ್ಬರವನ್ನು ಏಕಾಏಕಿ ನಿಲ್ಲಿಸಿ, ಆರು ತಿಂಗಳಲ್ಲಿ ವಾಪಸ್ ಬಿಟ್ಟದ್ದೂ ಗೊತ್ತು. ಆದರೆ ಗೊಬ್ಬರ ಇಲ್ಲದೆ ಚಿಗುರು ಕಮ್ಮಿಯಾದಾಗ ಹದಿನೆಂಟು ಕೇಜಿ ಎಲ್ಲಿಂದ ಕೊಯ್ಯಬೇಕು ಅನ್ನುವ ಪ್ರಶ್ನೆ ಆ ಸುದ್ದಿಗಳಲ್ಲಿ ಎಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. 2021ರಲ್ಲಿ ಅಲ್ಲಿ ತೋಟದ ಕೂಲಿ ದಿನಕ್ಕೆ 1,000 ರೂಪಾಯಿ ಅಂತ ಆಯಿತು. ಅವರ ರೂಪಾಯಿ. ಮರುವರ್ಷ ಅದರ ಬೆಲೆ ಕುಸಿದ ಮೇಲೆ ನಮ್ಮ ದುಡ್ಡಿನಲ್ಲಿ ಮುನ್ನೂರಕ್ಕೂ ಕಮ್ಮಿ. ಅಕ್ಕಿ, ಹಿಟ್ಟು ಎರಡು ಪಾಲು ಮೂರು ಪಾಲು ಏರಿತ್ತು. ಆ ಹೆಂಗಸು ಒಂದು ಮಾತು ಹೇಳಿದಳು. ಆ ವರ್ಷ ಮಕ್ಕಳಿಗೆ ಬರೀ ಕಪ್ಪು ಟೀ ಕೊಟ್ಟು, ಸಕ್ಕರೆಯನ್ನು ಅಂಗೈಗೆ ಒಂದು ಚಿಟಿಕೆ ಹಾಕುತ್ತಿದ್ದಳಂತೆ, ನೆಕ್ಕಿಕೊಂಡು ಕುಡಿಯಲಿ ಅಂತ. ಲೋಟಕ್ಕೆ ಹಾಕಿದರೆ ಜಾಸ್ತಿ ಬೇಕಾಗುತ್ತದೆ.

ನಮ್ಮ ಅಜ್ಜಿ ಬೆಲ್ಲದ ಚೂರು ಹಾಗೇ ಕೊಡುತ್ತಿದ್ದರು. ಮಗಳು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕತ್ತಿಗಳ ಸದ್ದು ಅಷ್ಟೇ.

ಈಗ ಭೂತಾನ್ ವಿಷಯ. ನಮ್ಮ ಕಡೆ ಭೂತಾನ್ ಅಂದರೆ ಏನು ಗೊತ್ತು? ಅಡಿಕೆ ರೇಟು ಬೀಳಿಸುವ ದೇಶ. 2022ರಲ್ಲಿ ಕೇಂದ್ರ ಸರ್ಕಾರ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು, ಇಷ್ಟಕ್ಕಿಂತ ಕಮ್ಮಿ ಬೆಲೆಗೆ ತರಬಾರದು ಅನ್ನುವ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಬಿಟ್ಟಾಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲ ಕಡೆ ಬೆಳೆಗಾರರು ಸಿಟ್ಟಾದರು. ಆ ಸಿಟ್ಟು ಸರಿಯಾದದ್ದೇ ಅಂತ ನಾನೂ ಹೇಳುತ್ತೇನೆ. ಒಡೇರಿಗೆ ರೇಟು ಬಿದ್ದರೆ ನಮ್ಮ ಡಬ್ಬದ ಕೂಲಿಯೂ ಅಲ್ಲೇ ನಿಲ್ಲುತ್ತದೆ. ಆದರೆ ಆ 17,000 ಟನ್ನನ್ನೂ ಯಾರೋ ಮರ ಹತ್ತಿಯೇ ಇಳಿಸಿರಬೇಕು ತಾನೇ? ಅವನಿಗೂ ಹೆಂಡತಿ ಇರಬಹುದು, ಅವನು ಮರದ ಮೇಲಿದ್ದಾಗ ಅವಳ ಜೀವ ಕೈಯಲ್ಲಿರಬಹುದು. ನಮ್ಮ ಊರಿನಲ್ಲಿ ಕೊನೆಗೌಡರು ಬಿದ್ದು ಸೊಂಟ ಮುರಿದುಕೊಂಡವರು ಇದ್ದಾರೆ. ಭೂತಾನಿನ ದಕ್ಷಿಣದ ಸಮ್ತ್ಸೆ, ಸರ್ಪಂಗ್ ಜಿಲ್ಲೆಗಳಲ್ಲಿ ಅಡಿಕೆ ಬೆಳೆಯುತ್ತಾರೆ. ಅಲ್ಲಿಯವರೂ ಎಲೆ, ಅಡಿಕೆ, ಸುಣ್ಣ ಹಾಕುತ್ತಾರೆ, ದೊಮಾ ಅನ್ನುತ್ತಾರೆ, ಮನೆಗೆ ಬಂದವರಿಗೆ ಮೊದಲು ಅದನ್ನೇ ಕೊಡುತ್ತಾರೆ. ನಮ್ಮ ಹಾಗೆ ಬೇಯಿಸಿ ಕೆಂಪು ಮಾಡಿದ್ದಲ್ಲ, ಹಸಿಯದ್ದೇ. ಅಲ್ಲಿ ಮರ ಹತ್ತುವವನಿಗೆ ದಿನಕ್ಕೆ ಎಷ್ಟು? ಬಿದ್ದರೆ ಯಾರು ನೋಡುತ್ತಾರೆ? ರೇಟಿನ ಜಗಳ ರೇಟಿನ ಜಾಗದಲ್ಲಿ ಇರಲಿ. ಮರ ಹತ್ತುವವನ ದನಿಯನ್ನೂ ಒಂದು ದಿನ ಕೇಳಿಸಿ. ಲಂಕೆಯಿಂದ ಬರುವ ಕಾಳುಮೆಣಸಿನ ಮೇಲೆ ಇರುವ ಸಿಟ್ಟಿಗೂ ಇದೇ ಮಾತು.

ಬಾಂಗ್ಲಾದೇಶದ್ದು ಇನ್ನೂ ಹತ್ತಿರ. ನನ್ನ ಅಕ್ಕನ ಮಗಳು ಮಾಚೇನಹಳ್ಳಿ ಕಡೆ ಗಾರ್ಮೆಂಟ್ ಕೆಲಸಕ್ಕೆ ಹೋಗುತ್ತಾಳೆ. ಬೆಳಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟಿಕೊಂಡು ಬಸ್ಸು. ಕಾಲರ್ ಹಚ್ಚುವ ಕೆಲಸ, ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಅವಳು ಹೊಲಿಯುವ ಅಂಗಿ ಎಲ್ಲಿಗೆ ಹೋಗುತ್ತದೆ ಅಂತ ಲೇಬಲ್ ನೋಡಿ ಹೇಳುತ್ತಾಳೆ. ಅದೇ ಥರದ ಲೇಬಲ್ಲನ್ನು ಢಾಕಾದಲ್ಲಿ ಇನ್ನೊಬ್ಬ ಹುಡುಗಿ ಹೊಲಿಯುತ್ತಾಳೆ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಅನ್ನುವ ಎಂಟು ಅಂತಸ್ತಿನ ಕಟ್ಟಡ ಕುಸಿದು 1,134 ಜನ ಸತ್ತರು. ಹೆಚ್ಚಿನವರು ಗಾರ್ಮೆಂಟಿನವರು, ಅವರಲ್ಲೂ ಹೆಂಗಸರೇ ಜಾಸ್ತಿ. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿ ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟಿನವರನ್ನು ಮಾತ್ರ ಮರುದಿನವೂ ಒಳಗೆ ಕಳಿಸಿದರು. ಇದನ್ನು ನಾನು ಅಕ್ಕನ ಮಗಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ. "ಚಿಕ್ಕಮ್ಮ, ಹಾಜರಿ ಕಟ್ ಆಗುತ್ತೆ ಅಂತ ಹೋಗಿರ್ತಾರೆ ಅಲ್ವಾ?"

ಅವಳಿಗೆ ಅರ್ಥವಾದಷ್ಟು ಬೇರೆ ಯಾರಿಗೆ ಅರ್ಥವಾಗುತ್ತದೆ ಹೇಳಿ. ಅಲ್ಲಿ ಸುಮಾರು ನಲವತ್ತು ಲಕ್ಷ ಜನ ಗಾರ್ಮೆಂಟಿನಲ್ಲಿ ದುಡಿಯುತ್ತಾರೆ. 2023ರ ಡಿಸೆಂಬರಿನಲ್ಲಿ ಅವರ ಕನಿಷ್ಠ ಸಂಬಳ ತಿಂಗಳಿಗೆ 12,500 ಟಾಕಾ ಅಂತ ಆಯಿತು. ಅದರಲ್ಲಿ ಕೋಣೆ ಬಾಡಿಗೆ ಎಷ್ಟು, ಊರಿಗೆ ಎಷ್ಟು ಕಳಿಸುತ್ತಾಳೆ, ಮಗುವನ್ನು ಯಾರ ಹತ್ತಿರ ಬಿಟ್ಟು ಬರುತ್ತಾಳೆ ಅನ್ನುವುದು ಬೇಕು ನಮಗೆ. ಮಾಚೇನಹಳ್ಳಿಯ ಹುಡುಗಿ ಢಾಕಾದ ಹುಡುಗಿಗೆ ಪ್ರಶ್ನೆ ಕೇಳಲಿ, ಅವಳು ಉತ್ತರ ಕೊಡಲಿ. ಇವಳನ್ನು ಅವಳು ಕೇಳಲಿ. ಇದಕ್ಕಿಂತ ದೊಡ್ಡ ಕಾರ್ಯಕ್ರಮ ಬೇಕಾ?

ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ತಂಗಿ ಮನೆ. ಅಲ್ಲಿ ರಾತ್ರಿ ಗೂರ್ಖಾ ಬರುತ್ತಾನೆ. ಸೀಟಿ ಊದುತ್ತಾನೆ, ಕಂಬಕ್ಕೆ ಕೋಲಿನಲ್ಲಿ ಎರಡು ಸಲ ಹೊಡೆಯುತ್ತಾನೆ. ತಿಂಗಳಿಗೊಮ್ಮೆ ಬಂದು ಮೂವತ್ತೋ ಐವತ್ತೋ ತೆಗೆದುಕೊಂಡು ಹೋಗುತ್ತಾನೆ. ಎಷ್ಟೋ ವರ್ಷದಿಂದ ಅವನೇ. ನಾನು ಹೋದ ಸಲ ಊರು ಯಾವುದು ಅಂತ ಕೇಳಿದೆ. ಅಛಾಮ್ ಅಂದ. ನೇಪಾಳದ ದೂರದ ಪಶ್ಚಿಮದ ಬೆಟ್ಟದ ಜಿಲ್ಲೆ. ಅಲ್ಲಿಂದ ಗಂಡಸರು ತಲೆತಲಾಂತರದಿಂದ ಹಿಂದೂಸ್ಥಾನಕ್ಕೆ ಕೆಲಸಕ್ಕೆ ಬರುತ್ತಾರಂತೆ. ಬೇರೆ ಕಡೆಯವರು ಕತಾರ್, ಸೌದಿ, ಮಲೇಷ್ಯಾಕ್ಕೆ ಹೋಗುತ್ತಾರೆ. ನೇಪಾಳದ ಎಷ್ಟೋ ಮನೆಗಳ ಒಲೆ ಉರಿಯುವುದು ಹೊರದೇಶದಿಂದ ಬರುವ ದುಡ್ಡಿನಲ್ಲಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತಾಗ ನೇಪಾಳ ನಮ್ಮ ಪೇಪರಿನ ಮೊದಲ ಪುಟದಲ್ಲಿತ್ತು. ಅವತ್ತೂ ಅವನು ಸೀಟಿ ಊದಿಕೊಂಡು ಬಂದನಾ, ಮನೆಗೆ ಫೋನ್ ಸಿಕ್ಕಿತಾ ಅಂತ ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ತಂಗಿಯನ್ನೇ ಕೇಳಿದೆ. ಅವಳು ತಲೆ ತಗ್ಗಿಸಿದಳು. ಅವಳ ಮೇಲೆ ತಪ್ಪು ಹೊರಿಸುತ್ತಿಲ್ಲ. ನಾನಾಗಿದ್ದರೂ ಕೇಳುತ್ತಿರಲಿಲ್ಲವೇನೋ.

ನೇಪಾಳದಲ್ಲಿ ರೇಡಿಯೋ ಇನ್ನೂ ಜೀವಂತ ಇದೆ ಅಂತ ಮಗಳು ಓದಿ ಹೇಳಿದಳು. 1997ರಲ್ಲಿ ಕಠ್ಮಂಡುವಿನಲ್ಲಿ ರೇಡಿಯೋ ಸಗರ್‌ಮಾಥಾ ಅಂತ ಶುರುವಾಯಿತು. ದಕ್ಷಿಣ ಏಷ್ಯಾದಲ್ಲೇ ಮೊದಲ ಸಮುದಾಯ ರೇಡಿಯೋ. ಈಗ ಅಲ್ಲಿ ಬೆಟ್ಟಬೆಟ್ಟಗಳಲ್ಲಿ ನೂರಾರು ಸಣ್ಣ ಎಫ್‌ಎಂ ಸ್ಟೇಷನ್‌ಗಳಿವೆ. ಅಂಥವರ ಹತ್ತಿರ ಇಂಥ ಮನೆಗಳ ದನಿ ಎಷ್ಟು ಇರಬಹುದು! ಕೇಳಿದರೆ ಕೊಡುವುದಿಲ್ಲವೇ?

ರೇಡಿಯೋಗೆ ದೇಶದ ಗಡಿ ಯಾವತ್ತೂ ಅಡ್ಡ ಬಂದಿಲ್ಲ. ನಮ್ಮ ಅಪ್ಪ ಲಂಕೆಯ ಸಿಲೋನ್ ಸ್ಟೇಷನ್ ಕೇಳುತ್ತಿದ್ದರು. ಆಗ ಪೋಸ್ಟಾಫೀಸಿನಲ್ಲಿ ರೇಡಿಯೋ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಸೆಲ್ ಮುಗಿಯುತ್ತಾ ಬಂದರೆ ಅಪ್ಪ ಅದನ್ನು ಬಿಸಿಲಿಗೆ ಇಟ್ಟು, ಸಂಜೆ ಮತ್ತೆ ಹಾಕುತ್ತಿದ್ದರು, ಇನ್ನೊಂದು ಅರ್ಧ ಗಂಟೆ ಬರುತ್ತಿತ್ತು. 1952ರ ಹೊತ್ತಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಬಿದ್ದಾಗ ದೇಶಕ್ಕೆ ದೇಶವೇ ಕೊಲಂಬೊ ಕಡೆ ಮುಳ್ಳು ತಿರುಗಿಸಿತಂತೆ. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಶುರುವಾದ ಮೇಲೂ ನಮ್ಮ ಅಪ್ಪ ಬುಧವಾರ ರಾತ್ರಿ ಸಿಲೋನಿನಲ್ಲಿ ಹಿಂದಿ ಹಾಡಿನ ಕಾರ್ಯಕ್ರಮ ನಡೆಸುತ್ತಿದ್ದ ಅಮೀನ್ ಸಯಾನಿಯವರ ದನಿ ಬಿಡಲಿಲ್ಲ. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ ಅವರಿಗೆ. ಹೀಗೆ ಕೊಲಂಬೊದಿಂದ ದಿನಾ ದನಿ ಬರುತ್ತಿತ್ತು. ಆದರೆ ಕೊಲಂಬೊದವರ ಮನೆಯ ದನಿ ಒಂದು ದಿನವೂ ಬರಲಿಲ್ಲ. ಬಾಂಬೆಯ ಹಾಡೇ ಅಲ್ಲಿಗೆ ಹೋಗಿ ನಮಗೆ ವಾಪಸ್ ಬರುತ್ತಿತ್ತು.

ಆಕಾಶವಾಣಿಗೆ ಇದೇನೂ ಆಗದ ಕೆಲಸವಲ್ಲ. ಹೊರದೇಶದ ಕೇಳುಗರಿಗಾಗಿ ಅದು ನೇಪಾಳಿ, ಸಿಂಹಳ, ಬರ್ಮೀಸ್, ಟಿಬೆಟನ್, ಪಾಷ್ತೊ, ಬಲೂಚಿ ಭಾಷೆಗಳಲ್ಲೆಲ್ಲ ಕಾರ್ಯಕ್ರಮ ಮಾಡಿದೆ. 2016ರಲ್ಲಿ ಬಾಂಗ್ಲಾದೇಶದವರಿಗೂ ಕೇಳಲಿ ಅಂತ ಕೋಲ್ಕತ್ತದಿಂದ ಆಕಾಶವಾಣಿ ಮೈತ್ರಿ ಶುರುವಾಯಿತು. ನಮ್ಮ ಮಾತನ್ನು ಅವರಿಗೆ ಮುಟ್ಟಿಸುವ ದಾರಿ ಇದೆ ಅಂತ ಆಯಿತಲ್ಲ? ಅವರ ಮಾತು ನಮಗೆ, ಅದೂ ಕನ್ನಡದಲ್ಲಿ, ಬರಲಿ ಅಂತ ನಾನು ಕೇಳುತ್ತಿದ್ದೇನೆ. ಆಕಾಶವಾಣಿ ಅನ್ನುವ ಹೆಸರಿನಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಶುರುಮಾಡಿದವರು ಒಬ್ಬ ಮೇಷ್ಟ್ರು, ಎಂ.ವಿ. ಗೋಪಾಲಸ್ವಾಮಿಯವರು. ಅಂಥ ನಾಡು ನಮ್ಮದು.

ಭಾಷೆ ತಿಳಿಸುವವರಿಗಾಗಿ ದೆಹಲಿಗೆ ಓಡಬೇಕಾಗಿಲ್ಲ. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಲಂಕೆಯಿಂದ ಬಂದ ತಮಿಳರ ಮನೆಗಳಿವೆ. 1948ರಲ್ಲಿ ಲಂಕೆಯ ಪೌರತ್ವ ಕಾನೂನು ಅವರ ಹಿರಿಯರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಲಂಕೆಯ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡು 5,25,000 ಜನರನ್ನು ಭಾರತಕ್ಕೆ ಅಂತ ಬರೆದುಕೊಂಡರು. ಹಾಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಅವರು. ಇಲ್ಲೇ ಹುಟ್ಟಿ ಬೆಳೆದವರು. ಸಿಂಧನೂರಿನ ಬಂಗಾಳಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರು ಭತ್ತ ಬೆಳೆದುಕೊಂಡು ಕನ್ನಡ ಮಾತಾಡುತ್ತಾ ಇದ್ದಾರೆ. ಮುಂಡಗೋಡಿನ ಟಿಬೆಟನ್ನರು ಚಳಿಗಾಲಕ್ಕೆ ಸ್ವೆಟರ್ ಮಾರುವಾಗ ನಮ್ಮ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ನೇಪಾಳಿಗೆ ಗೂರ್ಖಾ ಇದ್ದಾನೆ. ಕನ್ನಡವನ್ನೂ ಆ ಭಾಷೆಯನ್ನೂ ಬಾಯಲ್ಲಿಟ್ಟುಕೊಂಡವರು ನಮ್ಮ ರಾಜ್ಯದ ಒಳಗೇ ಇಷ್ಟು ಜನ.

ಹೇಗೆ ಮಾಡಬೇಕು ಅನ್ನುವುದರ ಬಗ್ಗೆಯೂ ಒಂದು ಮಾತು. ರೇಡಿಯೋ ಕೇಳಿ ಕೇಳಿ ಬಂದ ತಿಳಿವಳಿಕೆಯಿಂದ ಹೇಳುತ್ತಿದ್ದೇನೆ. ದಯವಿಟ್ಟು ಶುರುವಿನಲ್ಲೇ ಆ ದೇಶದ ಜನಸಂಖ್ಯೆ, ರಾಜಧಾನಿ ಹೇಳಬೇಡಿ. ತಜ್ಞರನ್ನು ಕೂರಿಸಬೇಡಿ. ಮೊದಲು ಮನೆಯ ಸದ್ದು ಬರಲಿ. ಪಾತ್ರೆ, ಕೋಳಿ, ಮಗು, ನೀರು ತುಂಬುವುದು. ಅವಳ ದನಿಯನ್ನು ಅವಳ ಭಾಷೆಯಲ್ಲೇ ಒಂದು ನಿಮಿಷವಾದರೂ ಹಾಗೇ ಬಿಡಿ. ನಾವು ಕೇಳಿದ ಕಾರ್ಯಕ್ರಮದಲ್ಲಿ ಅವಳು ಮೂರು ಮಾತಾಡುವಷ್ಟರಲ್ಲಿ ಇಂಗ್ಲಿಷಿನವರು ಮೇಲೆ ಬಂದುಬಿಡುತ್ತಿದ್ದರು. ಭದ್ರಾವತಿ ಹುಡುಗಿಗೆ ಸಿಟ್ಟೇ ಬಂತು, "ಆ ಅಮ್ಮ ಸ್ವಲ್ಪ ಸುಮ್ನಿದ್ರೆ ನಾನೇ ಹೇಳ್ತಿದ್ದೆ" ಅಂದಳು. ಅರ್ಥವಾಗದ ಮಾತಿನಲ್ಲೂ ದನಿ ನಡುಗಿದ್ದು, ನಕ್ಕಿದ್ದು ಗೊತ್ತಾಗುತ್ತದೆ. ಆಮೇಲೆ ಕನ್ನಡ ಬರಲಿ. ಆ ಕನ್ನಡವನ್ನು ನಮ್ಮಂಥ ಹೆಂಗಸೊಬ್ಬಳೇ ಓದಲಿ. ಅಕ್ಕಿ ಕೇಜಿಗೆ ಎಷ್ಟು, ಸೊಸೆ ಅತ್ತೆಯನ್ನು ಏನಂತ ಕರೆಯುತ್ತಾಳೆ, ಜ್ವರ ಬಂದರೆ ಆಸ್ಪತ್ರೆ ಎಷ್ಟು ದೂರ, ಸಂಘದ ಸಾಲದ ಕಂತು ಯಾವ ವಾರ, ಇವನ್ನು ಕೇಳಿ ಬನ್ನಿ.

"ನಮ್ಮ ಕಷ್ಟ ಕೇಳುವವರೇ ಇಲ್ಲ, ಪಾಕಿಸ್ತಾನದವರದ್ದು ಯಾಕೆ ಕೇಳಬೇಕು" ಅಂತ ನಮ್ಮ ಗುಂಪಿನಲ್ಲೇ ಒಬ್ಬರು ಕೇಳಿದರು. ಅವರ ಅಣ್ಣನ ಮಗ ಮಿಲಿಟರಿಯಲ್ಲಿದ್ದಾನೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಾನು ಅವರಿಗೆ ಸಿಯಾಲ್‌ಕೋಟಿನ ವಿಷಯ ಹೇಳಿದೆ. ಅಲ್ಲಿ ಹೆಂಗಸರು ಮನೆಯಲ್ಲೇ ಕೂತು ಕಾಲ್ಚೆಂಡು ಹೊಲಿಯುತ್ತಾರೆ, ಒಂದೊಂದು ಚೆಂಡಿಗೆ ಇಷ್ಟು ಅಂತ ಕೂಲಿ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಅವರ ಬೆರಳೂ ಹಾಳಾಗ್ತದೇನೋ" ಅಂದರು. ಅಷ್ಟೇ. ಹೌದು, ನಮ್ಮದೂ ಹೋಗಬೇಕು. ಸುಲಿಯುವ ಚಪ್ಪರದ ಒಂದು ರಾತ್ರಿಯನ್ನು ರೆಕಾರ್ಡ್ ಮಾಡಿಕೊಂಡು ಹೋಗಿ ಹ್ಯಾಟನ್ನಿನವರಿಗೆ ಕೇಳಿಸಿ. ಯಾವ ರಾತ್ರಿ ಬಂದರೂ ನಾವು ತಯಾರು. ಸುಗ್ಗಿ ಬರುವುದು ನವೆಂಬರಿಗೆ.

ಕೊನೆಗೆ ನನ್ನ ತಾಯಿಯ ಒಂದು ಮಾತು. ಅವರಿಗೆ ಎಂಬತ್ತು ದಾಟಿದೆ. ಅವರ ಊರು ಸಾಗರ ತಾಲ್ಲೂಕಿನಲ್ಲಿ ಶರಾವತಿ ಹೊಳೆಯ ಹತ್ತಿರ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಮ್ಮನೂ ಎರಡು ಸಲ ಹೋಗಿದ್ದರು. ಅಣೆಕಟ್ಟನ್ನು ನೋಡಲಿಲ್ಲ, ತಮ್ಮ ಊರಿನ ದಿಕ್ಕು ಯಾವುದು ಅಂತ ಹುಡುಕುತ್ತಾ ನಿಂತಿದ್ದರು.

ಆ ರೇಡಿಯೋ ಕಾರ್ಯಕ್ರಮದ ಕೊನೆಯಲ್ಲಿ ಟೀ ತೋಟದ ಹೆಂಗಸು ತನ್ನ ಅಜ್ಜಿಯ ಊರಿನ ಮಾತು ತೆಗೆದಳು. ಹಳೆಯ ಮಸ್ಕೇಲಿಯ. ಅಲ್ಲೂ ಕರೆಂಟಿಗಾಗಿ ಅಣೆಕಟ್ಟು ಕಟ್ಟಿ ಊರು ಮುಳುಗಿತು. ಬರಗಾಲ ಬಂದು ನೀರು ಇಳಿದಾಗ ಹಳೆಯ ಗುಡಿ ಮೇಲೆ ಕಾಣುತ್ತದೆ ಅಂದಳು. ಅಮ್ಮ ಅಲ್ಲೇ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆವು.

"ಗುಡಿ ಮೇಲೆ ಬಂದ ದಿನ ಅವರು ದೀಪ ಹಚ್ತಾರಾ, ಕೇಳು" ಅಂದರು.

ಅದನ್ನು ಕಾರ್ಯಕ್ರಮದಲ್ಲಿ ಹೇಳಲಿಲ್ಲ. ಆಕಾಶವಾಣಿಯವರು ಯಾರಾದರೂ ಆ ಕಡೆಯವರ ಜೊತೆ ಮಾತಾಡುವುದಾದರೆ, ಅಮ್ಮನ ಪರವಾಗಿ ಇದೊಂದನ್ನು ಕೇಳಿ ತಿಳಿಸಬೇಕು.

ಇತಿ,
ಅಡಿಕೆ ಸುಲಿಯುವ ಒಬ್ಬ ಓದುಗಳು
ನಗರ ಹೋಬಳಿ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ